ನಾಲ್ಕನೆಯ ರಾಡ್

ಡಿಸೆಂಬರ್ 4

ಭಾವನವರಿಗೆ ನಮಸ್ಕಾರಗಳು.

ಎಂಜಿನ್ ಇವತ್ತು ಬೆಳಿಗ್ಗೆ ಲಾರಿ ಹತ್ತಿತು. ಪೆಟ್ಟಿಗೆಯನ್ನು ನಾನೇ ಅಳತೆ ಕೊಟ್ಟು ಮಾಡಿಸಿದೆ. ನಾಲ್ಕು ಮೂಲೆಗೂ ಹಳೆಯ ಟಯರಿನ ತುಂಡು ಇಟ್ಟು, ಮೇಲೆ ‘ಕುಳಿತುಕೊಳ್ಳಬಾರದು’ ಎಂದು ಚೀಟಿ ಅಂಟಿಸಿದೆ. ಲಾರಿಯ ಡ್ರೈವರ್ ಅದನ್ನು ಓದಿ, “ಒಳಗೆ ಯಾರಾದ್ರೂ ಮಲಗಿದ್ದಾರಾ ಸಾರ್?” ಎಂದು ಕೇಳಿದ. “ಹೌದಪ್ಪ, ಹನ್ನೊಂದು ವರ್ಷದಿಂದ ಮಲಗಿದ್ದಾರೆ, ಎಬ್ಬಿಸೋಕೆ ಕಳಿಸ್ತಾ ಇದ್ದೀನಿ” ಎಂದೆ.

ಈ ಎರಡು ಸೀಟಿನ ಕಾರನ್ನು ನೀವು ನೋಡಿದ್ದು ಒಂದೇ ಸಲ, ಅದೂ ಷೆಡ್ಡಿನ ಮಬ್ಬಿನಲ್ಲಿ. ಈಗ ಬಣ್ಣ ಬಳಿದಾಗಿದೆ, ಚಕ್ರದ ಕಡ್ಡಿಗಳೆಲ್ಲ ನೆಟ್ಟಗಾಗಿವೆ. ಎಂಜಿನ್ ಇಲ್ಲದ ಬಾನೆಟ್ ಎತ್ತಿದರೆ ಮಾತ್ರ ಹಲ್ಲು ಕಿತ್ತ ಬಾಯಿ ಕಂಡ ಹಾಗಾಗುತ್ತದೆ. ಸಾಲಾಗಿ ಆರು ಸಿಲಿಂಡರ್, ಪಕ್ಕದಲ್ಲಿ ಮೂರು ಕಾರ್ಬೊರೇಟರ್, ಮೇಲೆ ಕನ್ನಡಿಯಂಥ ಅಲ್ಯೂಮಿನಿಯಂ ಮುಚ್ಚಳ. ಆ ಎಂಜಿನ್ನನ್ನು ಬಿಚ್ಚದೆ, ಓಡಿಸದೆ, ಮೇಜಿನ ಮೇಲಿಟ್ಟು ನೋಡುತ್ತ ಕೂತರೂ ಒಂದು ಭಾನುವಾರ ಕಳೆಯಬಹುದು. ನಾನು ಎಷ್ಟೋ ಭಾನುವಾರ ಹಾಗೆ ಕಳೆದಿದ್ದೇನೆ.

ಒಂದೇ ಬೇಡಿಕೆ. ಪಿಸ್ಟನ್ ಹೊಸದು ಹಾಕಿ, ಬೇರಿಂಗ್ ಹೊಸದು ಹಾಕಿ. ಆದರೆ ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಆರು ಕನೆಕ್ಟಿಂಗ್ ರಾಡ್‌ಗಳು ಮೂಲದವೇ ಇರಬೇಕು. ಒಂದೊಂದರ ಮೇಲೂ ಎಂಜಿನ್ನಿನ ಸಂಖ್ಯೆಯನ್ನು ಕೈಯಿಂದ ಗುದ್ದಿದ್ದಾರೆ. ಅವನ್ನು ಮಾಡಿದ ಕಾರ್ಖಾನೆಯೇ ಈಗಿಲ್ಲ.

ಮಾರ್ಚ್ 17ರಂದು ಹಳೆಯ ಕಾರುಗಳ ಗುಡ್ಡದ ಓಟ ಇದೆ. ಒಂದೊಂದೇ ಕಾರು ಬುಡದಿಂದ ತುದಿಗೆ ಹತ್ತಬೇಕು, ಗಡಿಯಾರ ಹಿಡಿದು ನೋಡುತ್ತಾರೆ. ನಮ್ಮ ಕಾರಿನ ಹೆಸರು ಕೊಟ್ಟಿದ್ದೇನೆ. ಅಕ್ಕನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಬಾಮೈದ


ವರ್ಕ್‌ಶಾಪ್, ಡಿಸೆಂಬರ್ 19

ಸರ್ವೇಯರ್ ಸಾಹೇಬರಿಗೆ,

ನಿಮ್ಮ ಪೆಟ್ಟಿಗೆ ಬಂತು. ಅದನ್ನು ತೆರೆಯಲು ಎರಡು ತಾಸು ಹಿಡಿಯಿತು. ಎಂಜಿನ್ ಓಡಿಹೋಗುತ್ತದೆ ಎಂದು ಅಷ್ಟು ಮೊಳೆ ಹೊಡೆದೆಯಾ? ಊರಿನ ನೆಲವನ್ನೆಲ್ಲ ಅಂಗುಲ ಅಂಗುಲ ಅಳೆಯುವವನು ಮೊಳೆಯನ್ನು ಮಾತ್ರ ಎಣಿಸುವುದಿಲ್ಲ.

ಎಂಜಿನ್ ಬಿಚ್ಚಿದೆ. ಚೆಲುವೆ, ಅದರಲ್ಲಿ ಅನುಮಾನ ಇಲ್ಲ. ಕ್ರ್ಯಾಂಕನ್ನು ಎಣ್ಣೆ ಒರೆಸಿ ಎರಡು ದಿಮ್ಮಿಯ ಮೇಲಿಟ್ಟು ಬೆರಳಲ್ಲಿ ತಿರುಗಿಸಿದೆ, ತಿರುಗುತ್ತಲೇ ಇತ್ತು. ಇವತ್ತಿನವರು ಕಂಪ್ಯೂಟರ್ ಇಟ್ಟುಕೊಂಡು ಸರಿದೂಗಿಸುವ ತೂಕವನ್ನು ಅವತ್ತಿನವರು ಅರ ಹಿಡಿದು ಉಜ್ಜಿ ಸರಿದೂಗಿಸಿದ್ದಾರೆ.

ರಾಡ್ ವಿಷಯ. ಅವಕ್ಕೆ ನಲವತ್ತು ವರ್ಷ. ಆರೂ ಹೊಸದಾಗಿ ಮಾಡಿಸಬಹುದು, ನನಗೆ ಗೊತ್ತಿರುವ ಕುಲುಮೆಯವನು ಎಂಟು ವಾರದಲ್ಲಿ ಕೊಡುತ್ತಾನೆ. ಸಂಖ್ಯೆ ಬೇಕಾದರೆ ನಾನೇ ಗುದ್ದುತ್ತೇನೆ, ನಿನಗೆ ಪತ್ತೆಯೂ ಆಗದ ಹಾಗೆ. ಯೋಚಿಸು.

ಫೋನ್ ಮಾಡಿದ್ದೆಯಂತೆ. ಮಾಡಬೇಡ ಎಂದು ಎಷ್ಟು ಸಲ ಹೇಳಬೇಕು? ಲೇತ್ ಓಡುವ ಕಡೆ ಫೋನಿನ ಮಾತು ಆಗುವುದಿಲ್ಲ. ಕಾಗದ ಬರೆ. ಯಾರು ಏನು ಹೇಳಿದರು ಎಂಬುದಕ್ಕೆ ಸಾಕ್ಷಿಯಾದರೂ ಇರುತ್ತದೆ.

ಆ ಸುಂಟರಗಾಳಿ ಹೇಗಿದ್ದಾಳೆ? ಡಿಪ್ಲೊಮಾ ಮುಗಿಯಿತೆ? ನಿನ್ನ ಅಕ್ಕ ಕೇಳುತ್ತಿದ್ದಳು.

ನಿನ್ನ ಭಾವ


ಡಿಸೆಂಬರ್ 27

ಭಾವನವರಿಗೆ ನಮಸ್ಕಾರಗಳು.

ರಾಡ್ ಬದಲಿಸುವುದು ಬೇಡ. ಸಂಖ್ಯೆಯನ್ನು ನೀವು ಗುದ್ದಿದರೆ ಬೇರೆಯವರಿಗೆ ಪತ್ತೆಯಾಗುವುದಿಲ್ಲ, ಒಪ್ಪಿದೆ. ನನಗೆ ಗೊತ್ತಿರುತ್ತದಲ್ಲ. ಅದಾದ ಮೇಲೆ ಬಾನೆಟ್ ಎತ್ತಿದಾಗಲೆಲ್ಲ ನನ್ನ ಕಣ್ಣಿಗೆ ಕಾಣುವುದು ಅದೊಂದೇ.

ಅಷ್ಟಕ್ಕೂ ನಿಮಗೆ ಯಾಕೆ ಚಿಂತೆ? ರಾಡನ್ನು ತಂತಿಗೆ ನೇತುಹಾಕಿ ಸುತ್ತಿಗೆಯಿಂದ ತಟ್ಟಿ ಕೇಳುವುದು ನಿಮ್ಮ ಪದ್ಧತಿ. ಗಟ್ಟಿ ರಾಡ್ ಗಂಟೆಯ ಹಾಗೆ ಮೊಳಗುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಸತ್ತುಹೋಗುತ್ತದೆ ಎಂದು ನನಗೆ ಹೇಳಿಕೊಟ್ಟವರು ನೀವೇ. ನೀವು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನೆನಪಿದೆಯೇ? ಅಕ್ಕ ಇನ್ನೂ ಒಳಗಿನಿಂದ ಬಂದಿರಲಿಲ್ಲ. ನೀವು ಕಿಟಕಿಯ ಕಡೆ ಕಿವಿ ತಿರುಗಿಸಿ, ಬೀದಿಯಲ್ಲಿ ನಿಂತಿದ್ದ ಅಪ್ಪನ ಕಾರಿನ ಮೂರನೆಯ ವಾಲ್ವ್ ಸಡಿಲವಾಗಿದೆ ಎಂದಿರಿ. “ಹುಡುಗ ಮಗಳನ್ನ ನೋಡೋಕೆ ಬಂದಿದ್ದಾನೋ ಕಾರನ್ನ ನೋಡೋಕೆ ಬಂದಿದ್ದಾನೋ?” ಎಂದು ಅಪ್ಪ ಅಡುಗೆಮನೆಯಲ್ಲಿ ಕೇಳಿದ್ದರು. ಆಮೇಲೆ ವಾಲ್ವ್ ನೋಡಿಸಿದರು. ಮೂರನೆಯದೇ.

ಆ ಕಿವಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ಮೊಳಗಿದರೆ ಹಾಕಿ. ಮೊಳಗದಿದ್ದರೆ ನಾನು ತುಟಿ ಎರಡು ಮಾಡುವುದಿಲ್ಲ, ಹೊಸದು ಮಾಡಿಸಿ.

ಮಗಳು ಚೆನ್ನಾಗಿದ್ದಾಳೆ. ಡಿಪ್ಲೊಮಾ ಆಯಿತು, ಬಸ್ ಡಿಪೊದಲ್ಲಿ ಎಂಜಿನ್ ವಿಭಾಗಕ್ಕೆ ಸೇರಿದ್ದಾಳೆ. ನಿಮ್ಮನ್ನು ಕೇಳಿದಳು.

ನಿಮ್ಮ ಬಾಮೈದ


ವರ್ಕ್‌ಶಾಪ್, ಜನವರಿ 20

ಸರ್ವೇಯರ್ ಸಾಹೇಬರಿಗೆ,

ಕೆಲಸ ಮುಗಿಯಿತು. ನಿನ್ನ ಹಟದಂತೆ ಹಳೆಯ ರಾಡ್‌ಗಳನ್ನೇ ಹಾಕಿದೆ. ತಟ್ಟಿ ನೋಡಿದೆ, ಆರೂ ಒಂದೇ ಸ್ವರ.

ನಿನ್ನೆ ಸ್ಟ್ಯಾಂಡಿನ ಮೇಲಿಟ್ಟು ಒಂದು ತಾಸು ಓಡಿಸಿದೆ. ಮುಚ್ಚಳದ ಮೇಲೆ ಒಂದು ರೂಪಾಯಿ ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಬೀಳಲಿಲ್ಲ. ನೆರೆಹೊರೆಯವರೆಲ್ಲ ಬಂದು ಬಾಗಿಲಲ್ಲಿ ನಿಂತರು. ನಿನ್ನ ಅಕ್ಕ, “ಇದು ಎಂಜಿನ್ನಾ, ಹೊಲಿಗೆ ಯಂತ್ರಾನಾ?” ಎಂದು ಕೇಳಿದಳಂತೆ.

ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಿಸಬೇಡ. ಮೀಟರಿನ ಮುಳ್ಳು ನಾಲ್ಕು ಸಾವಿರಕ್ಕೆ ಬಂದರೆ ಗೇರ್ ಬದಲಿಸು. ನಿನ್ನ ನಡಿಗೆಗೆ ಅದು ಧಾರಾಳವಾಯಿತು.

ನಿನ್ನ ಭಾವ


ಫೆಬ್ರವರಿ 24

ಭಾವನವರಿಗೆ ನಮಸ್ಕಾರಗಳು.

ಹೇಗೆ ಬರೆಯಲಿ ತಿಳಿಯದು. ಎಂಜಿನ್ ಕೂರಿಸಿ ಮೂರು ವಾರವಾಯಿತು. ಸಾವಿರದ ನೂರು ಕಿಲೋಮೀಟರ್ ಓಡಿದೆ. ನೀವು ಹಾಕಿದ ಕಟ್ಟುಪಾಡನ್ನು ಸಾವಿರ ಕಿಲೋಮೀಟರಿನವರೆಗೆ ಚಾಚೂ ತಪ್ಪದೆ ಪಾಲಿಸಿದೆವು. ಹೊಸ ಬೇರಿಂಗ್ ಹದಕ್ಕೆ ಬಂದ ಮೇಲೆ ಎಣ್ಣೆ ಬದಲಿಸಿ, ಕಳೆದ ಭಾನುವಾರ ಕಟ್ಟು ಬಿಚ್ಚಿದೆವು. ಭಾವ, ಐದು ಸಾವಿರದ ಆಚೆ ಅದು ಬೇರೆಯೇ ಎಂಜಿನ್. ಅಲ್ಲಿಯವರೆಗೆ ಮಾತಾಡುತ್ತಿದ್ದದ್ದು ಅಲ್ಲಿಂದ ಹಾಡಲು ಶುರುಮಾಡುತ್ತದೆ. ನಿಮ್ಮ ಕಿವಿಗೆ ಕೇಳಿಸಬೇಕಿತ್ತು.

ಒಂದು ಫೋಟೊ ಇಟ್ಟಿದ್ದೇನೆ. ಮೀಟರಿನ ಗಾಜು ಒಡೆದಿತ್ತಲ್ಲ, ಗಡಿಯಾರದಂಗಡಿಯವನ ಹತ್ತಿರ ಹೊಸದು ಕೊರೆಸಿದೆ. ಎಷ್ಟು ಚೆನ್ನಾಗಿ ಕೂತಿದೆ ನೋಡಿ.

ಮಾರ್ಚ್ ಏಳರಿಂದ ನಾವು ಗುಡ್ಡದ ಬುಡದ ವಸತಿಗೃಹದಲ್ಲಿರುತ್ತೇವೆ. ವಿಳಾಸ ಹಿಂಬದಿಯಲ್ಲಿದೆ. ಅಲ್ಲಿ ಫೋನ್ ಇಲ್ಲ. ಇದ್ದಿದ್ದರೂ ನೀವೇನು ಮಾಡುವವರಲ್ಲ ಬಿಡಿ.

ನಿಮ್ಮ ಬಾಮೈದ


ವರ್ಕ್‌ಶಾಪ್, ಮಾರ್ಚ್ 1

ಬಾಮೈದನಿಗೆ,

ಫೋಟೊ ನೋಡಿದೆ. ಗಾಜು ಚೆನ್ನಾಗಿ ಕೂತಿದೆ. ಗಾಜಿನ ಒಳಗೆ ಇನ್ನೊಂದು ಕೆಂಪು ಮುಳ್ಳಿದೆ. ಎಂಜಿನ್ ಎಷ್ಟರವರೆಗೆ ಹೋಗಿತ್ತೋ ಅಲ್ಲೇ ನಿಂತಿರುತ್ತದೆ ಅದು, ಯಾರಾದರೂ ಮೀಟರಿನ ಗುಂಡಿ ಒತ್ತಿ ಹಿಂದಕ್ಕೆ ತಳ್ಳುವವರೆಗೆ. ಫೋಟೊ ತೆಗೆಯುವಾಗ ತಳ್ಳಲು ಮರೆತಿದ್ದೀ. ಆರು ಸಾವಿರದ ನಾನೂರು.

ನಾನು ಬರೆದದ್ದು ಮೊದಲ ಸಾವಿರ ಕಿಲೋಮೀಟರಿನ ಕಟ್ಟುಪಾಡಲ್ಲ. ಆ ಎಂಜಿನ್ ಇರುವಷ್ಟು ದಿನವೂ ನಾಲ್ಕು ಸಾವಿರ.

ಸೀಟಿನ ಮೇಲೆ ಒಂದು ಜೊತೆ ಕೈಗವಸು ಬಿದ್ದಿದೆ. ನಿನ್ನ ಕೈ ಅದರೊಳಗೆ ಹೋಗುವುದಿಲ್ಲ. ಹದಿನೆಂಟು ವರ್ಷದಿಂದ ಒಂದಲ್ಲ ಒಂದು ಕಾರು ಓಡಿಸುತ್ತಿದ್ದೀ, ಒಂದು ದಿನ ನೀನು ಕೈಗವಸು ಹಾಕಿದವನಲ್ಲ. ಯಾರು ಓಡಿಸುತ್ತಿದ್ದಾರೆ?

ಉತ್ತರ ಬರುವವರೆಗೆ ಕಾರನ್ನು ಷೆಡ್ಡಿನಿಂದ ಹೊರಗೆ ತೆಗೆಯಬೇಡ.

ಭಾವ


ಮಾರ್ಚ್ 6

ಭಾವನವರಿಗೆ,

ನಿಮ್ಮ ಕಾಗದ ತಲುಪಿತು. ನಾಳೆ ಹೊರಡುವ ಗಡಿಬಿಡಿ, ಚಿಕ್ಕದಾಗಿ ಬರೆಯುತ್ತೇನೆ.

ಓಡಿಸುತ್ತಿರುವವಳು ಮಗಳು. 17ರಂದು ಗುಡ್ಡ ಹತ್ತುವವಳೂ ಅವಳೇ. ಮುಚ್ಚಿಟ್ಟದ್ದು ಹೌದು. ಯಾಕೆ ಎಂದು ನಿಮಗೂ ಗೊತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ನಿಮ್ಮ ವರ್ಕ್‌ಶಾಪಿನ ಗೋಡೆಗೆ ಗಿರಾಕಿಯ ಕಾರು ಗುದ್ದಿದಾಗ ನೀವು ಏನಂದಿರಿ? “ಇವಳ ಕೈಗೆ ಸ್ಟಿಯರಿಂಗ್ ಕೊಟ್ಟ ಎಂಜಿನ್ ನಾನು ಮುಟ್ಟೋದಿಲ್ಲ.” ಆರು ವರ್ಷವಾಯಿತು. ಅವಳು ಮೂರು ಚಳಿಗಾಲ ಆ ಗುಡ್ಡವನ್ನು ಬೇರೆಯವರ ಕಾರಿನಲ್ಲಿ ಹತ್ತಿದ್ದಾಳೆ. ಪ್ರತಿ ತಿರುವಿಗೂ ಒಂದು ಪುಟ ಬರೆದಿಟ್ಟಿದ್ದಾಳೆ. ನಾನು ನೆಲ ಅಳೆಯುವಷ್ಟೇ ಜೋಪಾನವಾಗಿ ಅವಳು ರಸ್ತೆ ಅಳೆಯುತ್ತಾಳೆ. ನೀವು ಮಾತ್ರ ಇನ್ನೂ ಆ ಗೋಡೆಯನ್ನೇ ನೋಡುತ್ತಿದ್ದೀರಿ.

ನಾಲ್ಕು ಸಾವಿರದಲ್ಲಿ ಗುಡ್ಡ ಹತ್ತುವುದಾದರೆ ನಾನು ಡಿಪೊದ ಬಸ್ಸನ್ನೇ ತರಬಹುದಿತ್ತು. ಎಂಜಿನ್ನಿಗೆ ಏನಾದರೂ ದೋಷ ಇದ್ದರೆ ಬರೆಯಿರಿ, ಕೇಳುತ್ತೇನೆ. ಆರೂ ಒಂದೇ ಸ್ವರ ಎಂದು ನಿಮ್ಮ ಕೈಯಲ್ಲೇ ಬರೆದಿದ್ದೀರಿ, ಕಾಗದ ನನ್ನ ಹತ್ತಿರ ಇದೆ. ಈಗ ಅವಳ ಕೈಗವಸು ಕಂಡ ಮೇಲೆ ಸ್ವರ ಬದಲಾಯಿತೇ?

ಬಾಮೈದ


ವರ್ಕ್‌ಶಾಪ್, ಮಾರ್ಚ್ 11, ಸೋಮವಾರ
ತುರ್ತು ಅಂಚೆ

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ನೀನು ಕೇಳಿದ್ದಕ್ಕೆ ಉತ್ತರ ಇದು. ನಿಧಾನವಾಗಿ ಓದು, ಓದಿದ ಮೇಲೆ ಅವಳಿಗೆ ಕೊಡು.

ಆ ರಾಡ್‌ಗಳು ಮೊಳಗಿದವೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಕಿವಿ ಕೇಳುವುದಿಲ್ಲ. ಎರಡು ವರ್ಷದಿಂದ ಕಡಿಮೆಯಾಗುತ್ತ ಬಂದು, ಕಳೆದ ಬೇಸಿಗೆಯ ಹೊತ್ತಿಗೆ ಪೂರ್ತಿ ಹೋಯಿತು. ನಲವತ್ತು ವರ್ಷ ತೆರೆದ ಎಂಜಿನ್ನಿನ ಪಕ್ಕ ನಿಂತದ್ದಕ್ಕೆ ಸಿಕ್ಕಿದ್ದು ಇದು ಎಂದು ಡಾಕ್ಟರು ಬರೆದುಕೊಟ್ಟರು. ಈ ಊರಿನಲ್ಲಿ ಡಾಕ್ಟರಿಗೆ, ನಿನ್ನ ಅಕ್ಕನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಫೋನ್ ಮಾಡಬೇಡ ಎಂದು ನಾನು ಹೇಳುತ್ತ ಬಂದದ್ದು ಲೇತ್ ಸದ್ದಿಗಲ್ಲ.

ಜನವರಿಯಲ್ಲಿ ರಾಡ್‌ಗಳನ್ನು ತಂತಿಗೆ ನೇತುಹಾಕಿದೆ. ತಟ್ಟಿದೆ. ಬೆರಳ ತುದಿಯಲ್ಲಿ ಅದುರು ಸಿಕ್ಕೀತೇ ಎಂದು ನೋಡಿದೆ. ಸಿಕ್ಕಿತು ಎಂದುಕೊಂಡೆ. ಖಾತ್ರಿ ಇರಲಿಲ್ಲ. ನಿನ್ನ ಅಕ್ಕನನ್ನು ಕರೆದು ನಿಲ್ಲಿಸಿಕೊಂಡು ಆರನ್ನೂ ಒಂದಾದ ಮೇಲೊಂದು ತಟ್ಟಿದೆ. “ಎಲ್ಲಾ ಒಂದೇ ಥರ ಇದೆಯಾ?” ಎಂದು ಕೇಳಿದೆ. ಅವಳು ತಲೆಯಾಡಿಸಿದಳು. ಅಷ್ಟರ ಮೇಲೆ ನಿನಗೆ ಬರೆದೆ.

ಇವತ್ತು ನಿನ್ನ ಕಾಗದ ಓದಿ ಅವಳನ್ನು ಮತ್ತೆ ಕೇಳಿದೆ. ಸ್ಲೇಟು ತಂದು ಅದರ ಮೇಲೆ ಬರೆದಳು. ಅವಳು ಬರೆದದ್ದನ್ನು ಹಾಗೇ ಇಲ್ಲಿ ಇಳಿಸುತ್ತೇನೆ: “ನಾಲ್ಕನೇದು ಬೇಗ ನಿಂತುಹೋಯ್ತು. ನೀವು ನನ್ನ ಮುಖ ನೋಡ್ತಾ ಆಗಲೇ ನಗ್ತಾ ಇದ್ರಿ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು. ನಂಗೆ ಇದರದ್ದೆಲ್ಲ ಏನು ಗೊತ್ತು ಅಂತ ಸುಮ್ಮನಾದೆ.” ಅವಳ ಮೇಲೆ ಸಿಟ್ಟು ಮಾಡಬೇಡ. ಕೇಳಬಾರದ ರೀತಿಯಲ್ಲಿ ಕೇಳಿದವನು ನಾನು.

ಕಿವಿ ಇಲ್ಲದಿದ್ದರೆ ಬೇರೆ ದಾರಿ ಇತ್ತು. ರಾಡನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟು, ಒರೆಸಿ, ಚಾಕ್ ಪುಡಿ ಬಳಿದರೆ ಬಿರುಕಿದ್ದ ಕಡೆ ಎಣ್ಣೆ ಒಸರಿ ಗೆರೆ ಮೂಡುತ್ತದೆ. ಕಲಿಯುವವರೂ ಮಾಡುವ ಕೆಲಸ ಅದು. ಹಾಗೆ ಮಾಡುವವರನ್ನು ಕಂಡರೆ ನಾನು ಜನ್ಮವಿಡೀ ನಕ್ಕವನು. ನನ್ನ ವರ್ಕ್‌ಶಾಪಿನಲ್ಲಿ ಚಾಕ್ ಪುಡಿಯ ಡಬ್ಬಿ ಕಂಡರೆ ಬೀದಿಯವರೆಲ್ಲ ಯಾಕೆ ಎಂದು ಕೇಳುತ್ತಾರೆ. ಅದಕ್ಕೇ ಮಾಡಲಿಲ್ಲ. ಬೇರೆ ಕಾರಣ ಏನೂ ಇಲ್ಲ.

ನೀನು ಓಡಿಸುತ್ತೀ ಎಂದುಕೊಂಡಿದ್ದೆ. ನೀನಾದರೆ ಮೂರು ಸಾವಿರ ದಾಟುವವನಲ್ಲ. ಆ ವೇಗಕ್ಕೆ ಸ್ವಲ್ಪ ಸೋತ ರಾಡೂ ತಡೆಯುತ್ತದೆ. ಆರು ಸಾವಿರದಲ್ಲಿ ಅದು ತುಂಡಾದರೆ ಎಂಜಿನ್ನಿನ ಗೋಡೆ ಒಡೆದು ಹೊರಗೆ ಬರುತ್ತದೆ. ಬಿಸಿ ಎಣ್ಣೆ ಹಿಂದಿನ ಚಕ್ರದ ಕೆಳಗೆ ಬೀಳುತ್ತದೆ. ಆಗ ಅವಳು ಯಾವ ತಿರುವಿನಲ್ಲಿರುತ್ತಾಳೋ ಅಲ್ಲಿಂದ ಆಚೆ ಅವಳ ಕೈಯಲ್ಲಿ ಏನೂ ಇರುವುದಿಲ್ಲ.

ನಾನೇ ಬರುತ್ತಿದ್ದೆ. ಇಲ್ಲಿಂದ ರೈಲು ಇರುವುದು ಶುಕ್ರವಾರ, ಅಲ್ಲಿ ಮುಟ್ಟುವುದು ಸೋಮವಾರ. ಈ ಕಾಗದ ಗುರುವಾರ ನಿನ್ನ ಕೈಗೆ ಸಿಗುತ್ತದೆ ಎಂದು ಅಂಚೆಯವರು ಬರೆದುಕೊಟ್ಟಿದ್ದಾರೆ. ಗುರುವಾರದಿಂದ ಆ ಎಂಜಿನ್ನನ್ನು ಶುರುಮಾಡಬಾರದು.

ಭಾವ


ವರ್ಕ್‌ಶಾಪ್, ಮಾರ್ಚ್ 15, ಶುಕ್ರವಾರ

ಬಾಮೈದನಿಗೆ,

ಕಾಗದ ತಲುಪಿತೇ? ನಿನ್ನ ಅಕ್ಕ ನಿಮ್ಮ ಮನೆಗೆ ನಾಲ್ಕು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲವಂತೆ. ಸಿಕ್ಕಿದ್ದರೆ ಒಂದು ಸಾಲು ಬರೆ. ನನ್ನನ್ನು ಬೈದೇ ಬರೆ.

ಭಾವ


ವರ್ಕ್‌ಶಾಪ್, ಮಾರ್ಚ್ 18, ಸೋಮವಾರ

ನಿನ್ನೆ ಓಟ ಮುಗಿದಿರಬೇಕು. ಏನಾಯಿತು ಎಂದು ಬರೆ. ಏನಾಗಿದ್ದರೂ ಬರೆ.


ಮನೆ, ಮಾರ್ಚ್ 20

ಭಾವನವರಿಗೆ,

ಅವಳು ಕ್ಷೇಮವಾಗಿದ್ದಾಳೆ. ಮೊದಲು ಇದನ್ನು ಅಕ್ಕನಿಗೆ ಹೇಳಿ, ಆಮೇಲೆ ಮುಂದೆ ಓದಿ.

ನಿಮ್ಮ ಕಾಗದ ಗುರುವಾರ ಹನ್ನೊಂದು ಗಂಟೆಗೆ ನನ್ನ ಕೈಗೆ ಬಂತು. ವಸತಿಗೃಹದ ಹಿಂದಿನ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದೆ. ಮಡಿಸಿ ಅಂಗಿಯ ಜೇಬಿನಲ್ಲಿಟ್ಟೆ. ಅವಳಿಗೆ ಕೊಡಲಿಲ್ಲ.

ನಾನು ನಂಬಲಿಲ್ಲ, ಭಾವ. ಬೀದಿಯಲ್ಲಿ ನಿಂತ ಕಾರಿನ ವಾಲ್ವ್ ಎಣಿಸುವವರಿಗೆ ಕಿವಿ ಕೇಳುವುದಿಲ್ಲ ಎಂದರೆ ಹೇಗೆ ನಂಬಲಿ? ಅವಳನ್ನು ತಡೆಯಲು ಹೂಡಿದ ಆಟ ಎಂದುಕೊಂಡೆ. ಬಾಮೈದನನ್ನು ನಂಬಿಸಲು ತನ್ನ ಮೇಲೆ ತಾನೇ ಇಷ್ಟು ದೊಡ್ಡ ಸುಳ್ಳು ಹೇಳಿಕೊಳ್ಳುವ ಗಂಡಸು ಎಂದು ಒಳಗೊಳಗೇ ಮೆಚ್ಚಿಯೂ ಇದ್ದೆ.

ಶುಕ್ರವಾರ ಮೂರು ಸಲ ಅಭ್ಯಾಸಕ್ಕೆ ಹತ್ತಿದಳು. ಶನಿವಾರ ಎರಡು ಸಲ. ನಾನು ಮೂರನೆಯ ತಿರುವಿನ ಒಣಹುಲ್ಲಿನ ಮೂಟೆಗಳ ಹಿಂದೆ ನಿಂತಿದ್ದೆ. ಅಲ್ಲಿಂದ ಎಂಜಿನ್ನಿನ ಸದ್ದು ಮೊದಲು ಬರುತ್ತದೆ, ಕಾರು ಆಮೇಲೆ. ಪ್ರತಿ ಸಲ ಆ ಸದ್ದಿನಲ್ಲಿ ಏನಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಆಟ ಎಂದುಕೊಂಡವನು ಯಾಕೆ ಹುಡುಕಬೇಕಿತ್ತು? ಪಕ್ಕದಲ್ಲಿದ್ದವರು, “ಎಂಥ ಎಂಜಿನ್ ಸಾರ್ ಇದು, ಯಾರು ಕಟ್ಟಿದ್ದು?” ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ.

ಶನಿವಾರ ಸಂಜೆ ಕೈ ತೊಳೆಯುತ್ತಿದ್ದಾಗ ಒಂದು ಸಂಗತಿ ತಲೆಗೆ ಬಂತು. ಕಳೆದ ವರ್ಷ ನಿಮ್ಮಲ್ಲಿಗೆ ಬಂದಿದ್ದಾಗ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಮೂರು ಸಲ “ಭಾವ” ಎಂದು ಕರೆದಿದ್ದೆ. ನೀವು ಬೆನ್ನು ಹಾಕಿ ಅರ ಉಜ್ಜುತ್ತಿದ್ದಿರಿ, ತಿರುಗಲಿಲ್ಲ. ನನ್ನ ಮೇಲೆ ಏನೋ ಮುನಿಸು ಎಂದುಕೊಂಡು ಒಳಗೆ ಹೋಗಿ ಅಕ್ಕನ ಹತ್ತಿರ ಕೂತಿದ್ದೆ. ಊಟದ ಹೊತ್ತಿಗೆ ನೀವು ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು, ಬಾಯನ್ನೇ ನೋಡುತ್ತ ಕೂತಿರಿ. ಮುನಿಸು ಮರೆತರಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಅಷ್ಟು ತಿಳಿದ ಮೇಲೂ ಅವತ್ತು ಅವಳಿಗೆ ಹೇಳಲಿಲ್ಲ. ಅವಳು ಮೇಜಿನ ಮೇಲೆ ತಿರುವಿನ ಪುಟಗಳನ್ನು ಹರಡಿಕೊಂಡಿದ್ದಳು. ಬೆಳಿಗ್ಗೆ ಹೇಳಿದರಾಯಿತು ಎಂದು ಹೋಗಿ ಮಲಗಿದೆ. ಈ ಸಾಲನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಭಾನುವಾರ ಅವಳ ಸರದಿ ಹದಿನೇಳನೆಯದು. ಎಂಜಿನ್ ಬಿಸಿಯಾಗಿತ್ತು. ಮುಂದಿದ್ದ ಕಾರು ಹೊರಟಿತು, ಇವಳು ಗೆರೆಯ ಹತ್ತಿರ ಬಂದಳು. ಓಟಕ್ಕೆ ಮೊದಲು ಮೀಟರಿನ ಕೆಂಪು ಮುಳ್ಳನ್ನು ಸೊನ್ನೆಗೆ ತಳ್ಳುವುದು ನನ್ನ ಕೆಲಸ. ಬಾಗಿಲ ಮೇಲಿಂದ ಬಾಗಿ ಕೈ ಚಾಚಿದೆ. ಶನಿವಾರದ ಗುರುತು ಆರು ಸಾವಿರದ ಐನೂರರಲ್ಲಿತ್ತು. ಕೈ ಮುಂದೆ ಹೋಗಲಿಲ್ಲ.

“ತಳ್ಳು ಅಪ್ಪ, ಬಾವುಟ ಎತ್ತುತ್ತಿದ್ದಾರೆ” ಎಂದಳು.

ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಕಾಗದ ತೆಗೆದು ಅವಳ ತೊಡೆಯ ಮೇಲೆ ಇಟ್ಟೆ. ಅವಳು ಕೈಗವಸು ಕಳಚಿ ಓದಿದಳು. ಬಾವುಟದವನು ಕೂಗುತ್ತಿದ್ದ. ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಿದ್ದ. ಅವಳು ಕೊನೆಯ ಸಾಲಿನವರೆಗೂ ಓದಿ ಮತ್ತೆ ಮೇಲಿನ ತಾರೀಖು ನೋಡಿದಳು.

“ಇದು ಯಾವತ್ತು ಬಂತು?”

“ಗುರುವಾರ.”

“ಇವತ್ತು ಏನು ವಾರ?”

ಅವಳು ಇಳಿದು, ಬಾವುಟದವನಿಗೆ ಕೈಯಾಡಿಸಿ, ಒಬ್ಬಳೇ ಕಾರನ್ನು ಗೆರೆಯಿಂದ ಹಿಂದಕ್ಕೆ ತಳ್ಳತೊಡಗಿದಳು. ನಾನು ಕೈ ಹಾಕಲು ಹೋದೆ. “ನೀವು ಬಿಡಿ” ಎಂದಳು. ಇಪ್ಪತ್ತೈದು ವರ್ಷದಲ್ಲಿ ಅವಳು ನನ್ನನ್ನು ನೀವು ಎಂದದ್ದು ಅದೇ ಮೊದಲು.

ಸೋಮವಾರ ಕಾರನ್ನು ಟ್ರಕ್ಕಿನ ಮೇಲೆ ಮನೆಗೆ ತಂದೆವು. ನಿನ್ನೆ ಎಂಜಿನ್ ಬಿಚ್ಚಿದಳು. ನಾನು ಹತಾರ ಎತ್ತಿಕೊಡುತ್ತಿದ್ದೆ. “ಹದಿನಾಲ್ಕರ ಸ್ಪ್ಯಾನರ್ ಕೊಡಿ,” “ಬಟ್ಟೆ ಕೊಡಿ,” “ಬೆಳಕಿಗೆ ಅಡ್ಡ ನಿಲ್ಲಬೇಡಿ.” ಇಡೀ ದಿನ ಇಷ್ಟೇ ಮಾತು. ಆರು ರಾಡ್‌ಗಳನ್ನೂ ಷೆಡ್ಡಿನ ತೊಲೆಗೆ ತಂತಿ ಕಟ್ಟಿ ನೇತುಹಾಕಿದಳು. ಒಂದು, ಎರಡು, ಮೂರು ಮೊಳಗಿದವು. ನಾಲ್ಕನೆಯದು ಸೌದೆಗೆ ತಟ್ಟಿದ ಹಾಗೆ ಟಕ್ ಎಂದು ನಿಂತಿತು. ಆಮೇಲೆ ಐದು, ಆರು ಮೊಳಗಿದವು. ಅವಳು ನಾಲ್ಕನೆಯದಕ್ಕೆ ಮತ್ತೆ ಬಂದು ಇನ್ನೊಮ್ಮೆ ತಟ್ಟಿದಳು. ನನಗೆ ಕೇಳಲಿ ಎಂದೇ ತಟ್ಟಿದಳು.

ಸೀಮೆಎಣ್ಣೆ, ಚಾಕ್ ಪುಡಿ ಎರಡೂ ಮಾಡಿದಳು. ಕೆಳಗಿನ ಬೋಲ್ಟ್ ಕೂರುವ ಅಂಚಿನ ಹತ್ತಿರ ಉಗುರಿನಷ್ಟು ಉದ್ದದ ಗೆರೆ. ಹೊಸ ಬಿರುಕೋ ಹಳೆಯದೋ ನನಗೆ ತಿಳಿಯದು. ಶುಕ್ರವಾರದ ಮೂರು, ಶನಿವಾರದ ಎರಡು, ಒಟ್ಟು ಐದು ಸಲ ಅವಳು ಅದರ ಮೇಲೆ ಕೂತು ಗುಡ್ಡ ಹತ್ತಿದ್ದಾಳೆ, ಕಾಗದ ನನ್ನ ಜೇಬಿನಲ್ಲಿದ್ದಾಗ.

ರಾಡನ್ನು ಬೇರೆ ಕಟ್ಟಿನಲ್ಲಿ ಕಳಿಸುತ್ತಿದ್ದೇನೆ. ಏನು ಬರೆಯಬೇಕೆನಿಸುತ್ತದೋ ಬರೆಯಿರಿ.

ನಿಮ್ಮ ಬಾಮೈದ


ವರ್ಕ್‌ಶಾಪ್, ಮಾರ್ಚ್ 27

ಬಾಮೈದನಿಗೆ,

ರಾಡ್ ಬಂತು. ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಹಳೆಯದು. ಅಂಚು ಕಪ್ಪಾಗಿದೆ, ನಿನ್ನ ಪೆಟ್ಟಿಗೆಯಲ್ಲಿ ನನ್ನ ಹತ್ತಿರ ಬಂದಾಗಲೇ ಇತ್ತು. ತುದಿಯಲ್ಲಿ ಅಕ್ಕಿಕಾಳಿನಷ್ಟು ಭಾಗ ಮಾತ್ರ ಬೆಳ್ಳಗೆ ಹೊಳೆಯುತ್ತದೆ, ಅದು ಈಚಿನದು. ಎಷ್ಟು ನನ್ನದು, ಎಷ್ಟು ನಿನ್ನದು ಎಂದು ಅಳೆಯಬಹುದು. ನೀನು ಸರ್ವೇಯರ್, ನಿನಗೆ ಆ ಆಸೆ ಬಂದೀತು. ಬೇಡ.

ನನ್ನ ಸೊಸೆ, ನಿನ್ನ ಮಗಳು, ನನಗೆ ಬೇರೆ ಕಾಗದ ಬರೆದಿದ್ದಾಳೆ. ನಿನ್ನ ವಿಷಯ ಅದರಲ್ಲಿ ಒಂದು ಮಾತೂ ಇಲ್ಲ. ಒಂದೇ ಪ್ರಶ್ನೆ ಕೇಳಿದ್ದಾಳೆ: “ಮಾವ, ಕಿವಿ ಹೋದ ಮೇಲೆ ನೀವು ಕಟ್ಟಿದ ಎಂಜಿನ್ ಇದೊಂದೇನಾ?” ನಾನೂ ನಿನ್ನ ಅಕ್ಕನೂ ಲೆಕ್ಕದ ಪುಸ್ತಕ ತೆಗೆದು ಎಣಿಸಿದೆವು. ಇಷ್ಟು ದಿನ ನಾವಿಬ್ಬರೂ ಕೇಳಿಕೊಳ್ಳದ ಪ್ರಶ್ನೆ ಅದು.

ಒಂಬತ್ತು. ನಿನ್ನದು ಬಿಟ್ಟು ಒಂಬತ್ತು.

ಎಂಟು ಜನರಿಗೆ ಶನಿವಾರವೇ ಕಾಗದ ಹಾಕಿದೆ. ಉದ್ದ ಬರೆಯಲು ಕೂತವನು ಮೂರು ಸಾಲಿಗೆ ಇಳಿಸಿದೆ: ನಿಮ್ಮ ಎಂಜಿನ್ ಓಡಿಸಬೇಡಿ. ಅದನ್ನು ಕಟ್ಟುವಾಗ ನನಗೆ ಕಿವಿ ಕೇಳುತ್ತಿರಲಿಲ್ಲ, ರಾಡ್‌ಗಳ ಪರೀಕ್ಷೆ ಆಗಿಲ್ಲ. ಬೇರೆ ಒಬ್ಬರಿಂದ ಬಿಚ್ಚಿಸಿ ನೋಡಿಸಿ. ನಿನ್ನ ಅಕ್ಕ ಲಕೋಟೆ ಅಂಟಿಸುತ್ತ, “ಇಷ್ಟಕ್ಕೆ ವರ್ಕ್‌ಶಾಪ್ ಬಾಗಿಲು ಹಾಕಿದ ಹಾಗೆ” ಎಂದು ಸ್ಲೇಟಿನಲ್ಲಿ ಬರೆದಳು. “ಗೊತ್ತು, ಅಂಟಿಸು” ಎಂದೆ.

ನಿನ್ನೆ ಆ ಎಂಟರಲ್ಲಿ ಒಬ್ಬರಾದ ದಂತವೈದ್ಯರು ಬಂದಿದ್ದರು, ಕೆಂಪು ಕಾರಿನವರು. ವರ್ಕ್‌ಶಾಪಿನ ನಡುವೆ ನಿಂತು ಬಹಳ ಹೊತ್ತು ಕೂಗಾಡಿದರು. ನಿನ್ನ ಅಕ್ಕ ಪಕ್ಕದಲ್ಲಿ ನಿಂತು ಅವರು ಅಂದದ್ದನ್ನು ಬರೆಯುತ್ತಿದ್ದಳು. ಅರ್ಧ ಬರೆದಳು, ಅರ್ಧ ಬಿಟ್ಟಳು. ಬಿಟ್ಟದ್ದನ್ನು ಅವರ ಮುಖದಲ್ಲೇ ಓದಿಕೊಂಡೆ. ಕಳೆದ ತಿಂಗಳು ಅವರ ಹೆಂಡತಿ, ಇಬ್ಬರು ಮಕ್ಕಳು ಆ ಕಾರಿನಲ್ಲಿ ಊರಿಗೆ ಹೋಗಿಬಂದಿದ್ದಾರೆ.

ಒಂಬತ್ತನೆಯದರ ವಿಷಯಕ್ಕೆ ನಿನಗೆ ಇಷ್ಟು ಬರೆಯುತ್ತಿರುವುದು. ಅದು ಹಸಿರು ಬಣ್ಣದ ಕಾರಿನದು, ನಾಲ್ಕು ಸಿಲಿಂಡರ್, ಬಲಗಡೆ ಎರಡು ಸೈಲೆನ್ಸರ್. ನನ್ನ ಹತ್ತಿರ ತಂದವರು ಹಳೆಯ ಕಾರು ಮಾರುವ ಮಳಿಗೆಯ ಮಾಲೀಕರು. ಅವರು ಅದನ್ನು ಮಾರಿಬಿಟ್ಟಿದ್ದಾರೆ. ಕೊಂಡವರು ನಿಮ್ಮ ಕಡೆಯವರು ಎಂದಷ್ಟೇ ಅವರಿಗೆ ನೆನಪು. ಓಟಕ್ಕೆ ಬರುವವರ ಪಟ್ಟಿ, ನೋಂದಣಿ ಕಚೇರಿ, ಬಣ್ಣ ಬಳಿಯುವವರು, ಎಲ್ಲ ಕಡೆ ವಿಚಾರಿಸು. ಇಂಚಿಂಚು ಹುಡುಕುವುದು ನಿನ್ನ ಕಸುಬು. ಒಬ್ಬನೇ ಹೋಗಬೇಡ, ಮಗಳನ್ನು ಕರೆದುಕೊಂಡು ಹೋಗು. ಬರುವುದಿಲ್ಲ ಎಂದರೆ ಮತ್ತೆ ಕರೆ.

ಇದರೊಳಗೆ ಇನ್ನೊಂದು ಲಕೋಟೆ ಇದೆ. ಅಂಟಿಸಿದ್ದೇನೆ, ನೀನು ತೆರೆಯುವುದಕ್ಕಲ್ಲ. ಕಾರು ಸಿಕ್ಕಿದರೆ ಮಾಲೀಕನನ್ನು ಹುಡುಕಿಕೊಂಡು ಒಳಗೆ ಹೋಗಬೇಡ. ಕೀಲಿ ಯಾರ ಕೈಯಲ್ಲಿದೆ ನೋಡು, ಅವರ ಕೈಗೆ ಕೊಡು. ಹೆಸರು ಗೊತ್ತಿಲ್ಲದ್ದರಿಂದ ಮೇಲೆ ‘ಓಡಿಸುವವರಿಗೆ’ ಎಂದು ಬರೆದಿದ್ದೇನೆ.

ಭಾವ